ಓದುವ ಮೊದಲೇ ಓದಿನ ಬೆಲೆ ಕಟ್ಟುವುದು



ಶಾಸ್ತ್ರದ ವಿಷಯವೊಂದನ್ನು ಲೆಕ್ಕ ಬಿಡದೆ ಕನ್ನಡದಲ್ಲಿ ಹೇಳಬೇಕೆಂಬುದು ಈ ಉಪನ್ಯಾಸದ ದತ್ತಿಯನ್ನು ಇಟ್ಟವರ ಆಸೆ. ಅದಕ್ಕೆ ತಲೆಬಾಗಿ ಇವತ್ತಿನ ಮಾತನ್ನು ಒಂದೇ ಒಂದು ಅಂಕೆಯಿಂದ ಶುರು ಮಾಡುತ್ತೇನೆ. ಆ ಅಂಕೆ 4.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ನಿಮ್ಮಲ್ಲಿ ಹಲವರಿಗೆ ಪರಿಚಯವಿದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ಮುಂದಾಳುತನದಲ್ಲಿ 1986ರಲ್ಲಿ ಆರಂಭವಾದ ಕೆಲಸ ಅದು. ಇವತ್ತು ಬ್ಯಾಂಕಿನಿಂದ ಹಿಡಿದು ಕಾಲೇಜಿನ ಪ್ರಾಜೆಕ್ಟಿನವರೆಗೆ ಎಲ್ಲೆಡೆ ಓಡುತ್ತಿದೆ. ಅದರ ಒಳಗೊಂದು ದರಪಟ್ಟಿ ಇದೆ. ಡಿಸ್ಕಿನಲ್ಲಿರುವ ಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಓದಿದರೆ ಪುಟಕ್ಕೆ 1. ಇಲ್ಲೊಂದು ಅಲ್ಲೊಂದು ಎಂದು ಹಾರಿ ಹಾರಿ ಓದಿದರೆ ಪುಟಕ್ಕೆ 4. ಪುಟವೆಂದರೆ ಇಲ್ಲಿ 8 ಕಿಲೋಬೈಟಿನ ತುಂಡು. ಒಂದು ಸಾಲನ್ನು ಕೈಗೆತ್ತಿಕೊಳ್ಳಲು 0.01, ಒಂದು ಹೋಲಿಕೆ ಮಾಡಲು 0.0025. ನೀವು ಕೇಳುವ ಪ್ರತಿ ಪ್ರಶ್ನೆಗೂ, ಅಂದರೆ ಪ್ರತಿ ಕ್ವೆರಿಗೂ, ಡೇಟಾಬೇಸಿನ ಪ್ಲ್ಯಾನರ್ ಹಲವು ದಾರಿಗಳನ್ನು ಯೋಚಿಸಿ, ಒಂದೊಂದಕ್ಕೂ ಈ ದರಪಟ್ಟಿಯಿಂದ ಬೆಲೆ ಕಟ್ಟಿ, ಅಗ್ಗದ್ದನ್ನು ಆರಿಸುತ್ತದೆ. ಬೆಲೆ ಕಟ್ಟುವ ಹೊತ್ತಿಗೆ ಅದು ಒಂದು ಪುಟವನ್ನೂ ಓದಿರುವುದಿಲ್ಲ.

4 ಎಲ್ಲಿಂದ ಬಂತು? ಪೋಸ್ಟ್‌ಗ್ರೆಸ್‌ನ ಕೈಪಿಡಿಯೇ ಬಹುಕಾಲ ಅದಕ್ಕೆ ಒಂದು ಅರ್ಥ ಕೊಟ್ಟಿತ್ತು: ತಿರುಗುವ ಡಿಸ್ಕಿನಲ್ಲಿ ಹಾರಿ ಓದುವುದು ಸಾಲಾಗಿ ಓದುವುದಕ್ಕಿಂತ 40 ಪಟ್ಟು ನಿಧಾನ; ಆದರೆ ಹಾಗೆ ಹಾರಿ ಓದುವ ಪುಟಗಳಲ್ಲಿ ನೂರಕ್ಕೆ 90 ಆಗಲೇ ಮೆಮೊರಿಯಲ್ಲಿ ಸಿಗುತ್ತವೆ; ಉಳಿದ ಹತ್ತಕ್ಕೆ ಮಾತ್ರ ಡಿಸ್ಕಿಗೆ ಹೋಗಬೇಕು. 40ರಲ್ಲಿ ಹತ್ತನೇ ಒಂದು ಪಾಲು 4. ಅಂದರೆ ಈ ಪುಟ್ಟ ಅಂಕೆಯಲ್ಲಿ ಎರಡು ನಂಬಿಕೆಗಳು ಬೆರೆತಿವೆ. ಒಂದು ಡಿಸ್ಕಿನ ಯಂತ್ರಗುಣದ ಬಗ್ಗೆ, ಇನ್ನೊಂದು ಮೆಮೊರಿಯಲ್ಲಿ ಏನಿದೆ ಎಂಬುದರ ಬಗ್ಗೆ. ಡೇಟಾಬೇಸು ಕ್ಲೌಡಿಗೆ ಹೋದಾಗ ಎರಡೂ ನಂಬಿಕೆಗಳು ಅಲುಗಾಡಿದವು. ಅದರ ಪರಿಣಾಮವನ್ನು ನಮ್ಮ ಪಠ್ಯಪುಸ್ತಕಗಳು ಇನ್ನೂ ಸರಿಯಾಗಿ ಎದುರಿಸಿಲ್ಲ ಎಂಬುದು ನನ್ನ ಇವತ್ತಿನ ವಾದ.

ಸ್ವಲ್ಪ ಹಿಂದಕ್ಕೆ ಹೋಗೋಣ. 1970ರಲ್ಲಿ ಐಬಿಎಂನ ಸ್ಯಾನ್ ಹೊಸೆ ಪ್ರಯೋಗಾಲಯದ ಎಡ್ಗರ್ ಕಾಡ್ ಅವರು ಸಂಬಂಧಾತ್ಮಕ ಮಾದರಿಯನ್ನು ಮುಂದಿಟ್ಟರು. ಕೇಳುವವರು ಏನು ಬೇಕೆಂದಷ್ಟೇ ಹೇಳಲಿ, ಅದನ್ನು ಹೇಗೆ ಹುಡುಕಬೇಕೆಂಬುದು ಯಂತ್ರದ ತಲೆನೋವು ಎಂಬುದು ಅದರ ತಿರುಳು. ಆಗಿನ ಅನುಭವಸ್ಥರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ನುರಿತ ಪ್ರೋಗ್ರಾಮರ್ ಕೈಯಾರೆ ಬರೆದ ದಾರಿಗಿಂತ ಯಂತ್ರ ತಾನೇ ಹುಡುಕಿದ ದಾರಿ ಚೆನ್ನಾಗಿರಲು ಹೇಗೆ ಸಾಧ್ಯ? ಅದೇ ಪ್ರಯೋಗಾಲಯದಲ್ಲಿ ಸಿಸ್ಟಮ್ ಆರ್ ಎಂಬ ಯೋಜನೆ ಈ ಪ್ರಶ್ನೆಗೆ ಉತ್ತರ ಕಟ್ಟಿತು. 1979ರಲ್ಲಿ ಪೆಟ್ರೀಷಿಯಾ ಸೆಲಿಂಜರ್ ಮತ್ತು ಅವರ ನಾಲ್ವರು ಸಹೋದ್ಯೋಗಿಗಳು ಬರೆದ ಪ್ರಬಂಧದಲ್ಲಿ ಆ ಉತ್ತರ ಇದೆ. ಅವರ ಸೂತ್ರ ಒಂದೇ ಸಾಲಿನದು: ತರಬೇಕಾದ ಪುಟಗಳ ಸಂಖ್ಯೆಗೆ, ಕೈಗೆ ಬರುವ ಸಾಲುಗಳ ಸಂಖ್ಯೆಯನ್ನು ಒಂದು ತೂಕದಿಂದ ಗುಣಿಸಿ ಕೂಡಿಸಿದರೆ ಬೆಲೆ ಸಿಕ್ಕಿತು. ಅಂಕಿಅಂಶ ಇಲ್ಲದ ಕಡೆ ಅವರು ಧೈರ್ಯವಾಗಿ ಊಹೆ ಮಾಡಿದರು. ಒಂದು ಮೌಲ್ಯಕ್ಕೆ ಸಮ ಎಂಬ ಷರತ್ತಿದ್ದರೆ ಹತ್ತರಲ್ಲೊಂದು ಪಾಲು ಸಾಲು ಹೊಂದುತ್ತದೆ, ಇದಕ್ಕಿಂತ ಹೆಚ್ಚು ಎಂಬ ಷರತ್ತಿದ್ದರೆ ಮೂರರಲ್ಲೊಂದು. ಇಷ್ಟು ಒರಟಾದ ಅಂದಾಜಿನ ಮೇಲೆ ನಿಂತ ವಿಧಾನ ಇವತ್ತಿನವರೆಗೂ ನಮ್ಮನ್ನು ಸಾಕುತ್ತಿದೆ. ಆ ಪ್ರಬಂಧವನ್ನು ನಾನು ಪ್ರತಿ ಹೊಸ ತಂಡದ ವಿದ್ಯಾರ್ಥಿಗಳ ಜೊತೆ ಕೂತು ಓದುತ್ತೇನೆ. ಅದರ ಧೈರ್ಯ ನನಗೆ ಪ್ರತಿ ಸಲವೂ ದೊಡ್ಡದಾಗಿಯೇ ಕಾಣುತ್ತದೆ.

ಸೂತ್ರದಲ್ಲಿ ಎರಡು ಬಗೆಯ ಅಂದಾಜುಗಳಿವೆ ಎಂಬುದನ್ನು ಗಮನಿಸಿ. ಎಷ್ಟು ಸಾಲು ಬೇಕಾಗುತ್ತದೆ ಎಂಬುದು ಒಂದು. ಆ ಸಾಲುಗಳನ್ನು ಅವು ಇರುವ ಜಾಗದಿಂದ ತರಲು ಎಷ್ಟು ಖರ್ಚು ಎಂಬುದು ಇನ್ನೊಂದು. ನಮ್ಮ ವಿದ್ವತ್ತಿನ ಬಹುಪಾಲು ಶ್ರಮ ಮೊದಲನೆಯದರ ಮೇಲೆ ಸುರಿದಿದೆ, ಅದಕ್ಕೆ ಕಾರಣವೂ ಇದೆ. ಟೇಬಲ್‌ಗಳನ್ನು ಒಂದರ ಮೇಲೊಂದು ಜೋಡಿಸುತ್ತ ಹೋದಂತೆ ಸಾಲುಗಳ ಎಣಿಕೆಯಲ್ಲಿನ ತಪ್ಪು ಘಾತದ ವೇಗದಲ್ಲಿ ಬೆಳೆಯಬಲ್ಲದು ಎಂದು 1991ರಲ್ಲೇ ಇಯೊನಿಡಿಸ್ ಮತ್ತು ಕ್ರಿಸ್ಟೊಡುಲಾಕಿಸ್ ತೋರಿಸಿದ್ದರು. 2015ರಲ್ಲಿ ಮ್ಯೂನಿಕ್‌ನ ವಿಕ್ಟರ್ ಲೈಸ್ ಮತ್ತು ಸಂಗಡಿಗರು ಸಿನಿಮಾ ಮಾಹಿತಿಯ ಐಎಂಡಿಬಿ ದತ್ತಾಂಶದ ಮೇಲೆ 113 ಕ್ವೆರಿಗಳನ್ನು ಓಡಿಸಿ ಪ್ಲ್ಯಾನರ್‌ಗಳನ್ನು ಪರೀಕ್ಷೆಗೆ ಒಡ್ಡಿದರು. ತಪ್ಪು ಯೋಜನೆಗಳಿಗೆ, ಅಂದರೆ ಪ್ಲ್ಯಾನರ್ ಆರಿಸಿದ ತಪ್ಪು ದಾರಿಗಳಿಗೆ, ಮುಖ್ಯ ಕಾರಣ ಸಾಲುಗಳ ತಪ್ಪೆಣಿಕೆ. ದರಪಟ್ಟಿಯ ಒರಟುತನದಿಂದ ಆಗುವ ನಷ್ಟ ಅದಕ್ಕೆ ಹೋಲಿಸಿದರೆ ಚಿಕ್ಕದು ಎಂದು ಅವರ ತೀರ್ಮಾನ. ಅದು ಸರಿಯಾದ ತೀರ್ಮಾನ. ಆದರೆ ಅವರ ಪ್ರಯೋಗದಲ್ಲಿ ದತ್ತಾಂಶವೆಲ್ಲ ಮೆಮೊರಿಯಲ್ಲಿ ಹಿಡಿಯುವಷ್ಟಿತ್ತು. ಆ ಷರತ್ತನ್ನು ಬಿಟ್ಟು ತೀರ್ಮಾನವನ್ನಷ್ಟೇ ಉರುಹಚ್ಚಿಕೊಂಡವರು ದರಪಟ್ಟಿಯ ಪ್ರಶ್ನೆ ಮುಗಿದುಹೋಯಿತೆಂದು ತಿಳಿದರು. ದತ್ತಾಂಶ ದೂರ ಹೋದಾಗ ಆ ಪ್ರಶ್ನೆ ಮತ್ತೆ ತೆರೆದುಕೊಳ್ಳುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ವಿದ್ಯುತ್ ಬಿಲ್ಲುಗಳ ಒಂದು ಟೇಬಲ್ ಇದೆ ಎಂದುಕೊಳ್ಳಿ. 10 ಕೋಟಿ ಸಾಲು, ಒಂದು ಪುಟಕ್ಕೆ 100 ಸಾಲು, ಒಟ್ಟು 10 ಲಕ್ಷ ಪುಟ, ಅಂದರೆ ಸುಮಾರು 8 ಗಿಗಾಬೈಟ್. ಒಂದು ಉಪವಿಭಾಗದ ಬಿಲ್ಲುಗಳಷ್ಟೇ ಬೇಕು. ಅವು ನೂರಕ್ಕೆ ಒಂದು ಪಾಲು, 10 ಲಕ್ಷ ಸಾಲು, ಟೇಬಲ್ಲಿನ ತುಂಬ ಚದುರಿಕೊಂಡಿವೆ. ಸಮಾಂತರ ಓದು, ಬಿಟ್‌ಮ್ಯಾಪ್ ಮೊದಲಾದ ಉಪಾಯಗಳನ್ನು ಸದ್ಯಕ್ಕೆ ಬದಿಗಿಟ್ಟರೆ ದಾರಿ ಎರಡು.

ಮೊದಲ ದಾರಿ, ಇಡೀ ಟೇಬಲ್ಲನ್ನು ಸಾಲಾಗಿ ಓದುವುದು. ಪುಟಗಳಿಗೆ 10 ಲಕ್ಷ, 10 ಕೋಟಿ ಸಾಲುಗಳನ್ನು ಕೈಗೆತ್ತಿಕೊಳ್ಳಲು ಇನ್ನೊಂದು 10 ಲಕ್ಷ, ಹೋಲಿಕೆಗಳಿಗೆ ಎರಡೂವರೆ ಲಕ್ಷ. ಒಟ್ಟು 22.5 ಲಕ್ಷ.

ಎರಡನೆಯದು, ಇಂಡೆಕ್ಸ್ ಹಿಡಿದು ಬೇಕಾದ ಸಾಲಿಗೆ ನೇರ ಹೋಗುವುದು. ಕೆಲವು ಪುಟಗಳಲ್ಲಿ ಬೇಕಾದ ಸಾಲು ಎರಡು ಮೂರು ಸಿಗುತ್ತವೆ, ಕೆಲವದರಲ್ಲಿ ಒಂದೂ ಇಲ್ಲ. ಇಂಥ ಲೆಕ್ಕಕ್ಕೆ ಮ್ಯಾಕರ್ಟ್ ಮತ್ತು ಲೋಮನ್ 1989ರಲ್ಲಿ ಪ್ರಕಟಿಸಿದ ಸೂತ್ರವನ್ನು ಪೋಸ್ಟ್‌ಗ್ರೆಸ್ ಬಳಸುತ್ತದೆ. ಅದರ ಪ್ರಕಾರ ತರಬೇಕಾದ ಪುಟಗಳು ಸುಮಾರು 6.6 ಲಕ್ಷ. ಅದಕ್ಕೆ 4ರ ದರ ಹಾಕಿ, ಚಿಲ್ಲರೆ ಖರ್ಚು ಸೇರಿಸಿದರೆ 27 ಲಕ್ಷದ ಹತ್ತಿರ. ಪ್ಲ್ಯಾನರ್ ಮೊದಲ ದಾರಿಯನ್ನು ಹಿಡಿಯುತ್ತದೆ.

ಈಗ ಯಾರೋ ಬಂದು, ನಿಮ್ಮದು ಎಸ್‌ಎಸ್‌ಡಿ, ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ, 4 ಯಾಕೆ, 1.1 ಹಾಕಿ ಎನ್ನುತ್ತಾರೆ. ಈ ಸಲಹೆ ಎಷ್ಟು ವ್ಯಾಪಕವೆಂದರೆ ಅದನ್ನು ಪ್ರಶ್ನಿಸುವವರೇ ಕಡಿಮೆ. ಹಾಗೆ ಹಾಕಿದ ಕ್ಷಣ ಎರಡನೇ ದಾರಿಯ ಬೆಲೆ ಸುಮಾರು ಏಳೂವರೆ ಲಕ್ಷಕ್ಕೆ ಇಳಿಯುತ್ತದೆ, ಪ್ಲ್ಯಾನರ್ ಮನಸ್ಸು ಬದಲಿಸುತ್ತದೆ. ಯಂತ್ರದೊಳಗೇ ಕೂರಿಸಿದ ಎಸ್‌ಎಸ್‌ಡಿಗೆ ಈ ಸಲಹೆ ಒಪ್ಪುತ್ತದೆ. ಕ್ಲೌಡಿನ ಡಿಸ್ಕಿಗೆ?

ಅಮೆಜಾನ್‌ನ ಜಿಪಿ3 ಎಂಬ ಡಿಸ್ಕನ್ನು ತೆಗೆದುಕೊಳ್ಳಿ. ಅದು ನಿಮ್ಮ ಸರ್ವರಿನ ಪಕ್ಕದಲ್ಲಿ ಇಲ್ಲ, ನೆಟ್‌ವರ್ಕಿನ ಆಚೆ ಇದೆ. ಮೂಲ ದರದಲ್ಲಿ ಅದು ಕೊಡುವುದು ಸೆಕೆಂಡಿಗೆ 3,000 ಓದು–ಬರಹ ಮತ್ತು ಸೆಕೆಂಡಿಗೆ 125 ಮೆಗಾಬೈಟ್. ಇವು ವಸ್ತುವಿನ ಸ್ವಭಾವದಿಂದ ಬಂದ ಮಿತಿಗಳಲ್ಲ, ಕರಾರಿನಲ್ಲಿ ಬರೆದ ಮಿತಿಗಳು. ಹೆಚ್ಚು ದುಡ್ಡು ಕೊಟ್ಟರೆ ಹೆಚ್ಚಾಗುತ್ತವೆ. ಈಗ ಭಾಗಿಸಿ ನೋಡಿ. ಹಾರಿ ಓದುವ ಒಂದು ಪುಟಕ್ಕೆ ಸೆಕೆಂಡಿನ ಮೂರು ಸಾವಿರದಲ್ಲೊಂದು ಪಾಲು, ಅಂದರೆ 333 ಮೈಕ್ರೋಸೆಕೆಂಡ್. ಸಾಲಾಗಿ ಓದುವ 8 ಕಿಲೋಬೈಟಿನ ಪುಟಕ್ಕೆ 65 ಮೈಕ್ರೋಸೆಕೆಂಡ್. ಅನುಪಾತ 5! ತಿರುಗುವ ಡಿಸ್ಕಿಗೆಂದು ಕಟ್ಟಿದ 4, ಪೂರಾ ಬೇರೆ ಕಾರಣಕ್ಕೆ, ಇಲ್ಲಿ 1.1ಕ್ಕಿಂತ ಸತ್ಯಕ್ಕೆ ಹತ್ತಿರವಾಗಿದೆ. ನಮ್ಮ ಕ್ವೆರಿಗೆ ಇಡೀ ಟೇಬಲ್ ಓದಲು ಸುಮಾರು 65 ಸೆಕೆಂಡ್, ಇಂಡೆಕ್ಸ್ ದಾರಿಗೆ 220 ಸೆಕೆಂಡ್. ಆ 220 ಕೂಡ ಅನೇಕ ಬೇಡಿಕೆಗಳನ್ನು ಒಟ್ಟಿಗೆ ಕಳಿಸಿದಾಗ ಸಿಗುವ ಸಮಯ. ಒಂದರ ಉತ್ತರ ಬಂದ ಮೇಲೆ ಇನ್ನೊಂದನ್ನು ಕಳಿಸುವ ಪದ್ಧತಿಯಲ್ಲಿ, ಒಂದು ಓದಿಗೆ 1 ಮಿಲಿಸೆಕೆಂಡ್ ಎಂದು ಹಿಡಿದರೂ 11 ನಿಮಿಷ ಆಗುತ್ತದೆ. ಎಷ್ಟು ಬೇಡಿಕೆಗಳು ಒಮ್ಮೆಗೇ ದಾರಿಯಲ್ಲಿವೆ ಎಂಬುದಕ್ಕೆ 1979ರ ಸೂತ್ರದಲ್ಲಿ ಜಾಗವೇ ಇರಲಿಲ್ಲ, ಈಗಿನ ಬಹಳಷ್ಟು ದರಪಟ್ಟಿಗಳಲ್ಲೂ ಇಲ್ಲ. ಪೋಸ್ಟ್‌ಗ್ರೆಸ್ 2025ರ 18ನೇ ಆವೃತ್ತಿಯಲ್ಲಿ ಕಾಯದೆ ಓದುವ ವ್ಯವಸ್ಥೆಯನ್ನು ತಂದಿತು. ಓದುವ ಕೈ ಬದಲಾಯಿತು, 4 ಮಾತ್ರ ಹಾಗೇ ಉಳಿಯಿತು.

ಇದಕ್ಕಿಂತ ಹಳೆಯ ಜಿಪಿ2 ಡಿಸ್ಕಿನ ಕಥೆ ಇನ್ನೂ ಕಠಿಣ. ಅಲ್ಲಿ ಗಾತ್ರದ ಪ್ರತಿ ಗಿಗಾಬೈಟಿಗೆ ಸೆಕೆಂಡಿಗೆ 3 ಓದಿನಂತೆ ಹಕ್ಕು; ಬಳಸದೆ ಉಳಿಸಿದ ಹಕ್ಕು ಖಾತೆಯಲ್ಲಿ ಜಮೆಯಾಗುತ್ತದೆ; ಜಮೆ ಇರುವತನಕ ಸೆಕೆಂಡಿಗೆ 3,000 ಓದಬಹುದು. 100 ಗಿಗಾಬೈಟಿನ ಡಿಸ್ಕಿನಲ್ಲಿ ಜಮೆ ಮುಗಿದರೆ 3,000 ಹೋಗಿ 300. ಬೆಳಗ್ಗೆ 220 ಸೆಕೆಂಡಿನಲ್ಲಿ ಮುಗಿದ ಅದೇ ಕ್ವೆರಿ, ಅದೇ ಯೋಜನೆಯಲ್ಲಿ, ಮಧ್ಯಾಹ್ನ 36 ನಿಮಿಷ ದಾಟುತ್ತದೆ. ಪ್ಲ್ಯಾನರ್ ಎರಡು ಸಲವೂ ಬರೆದ ಬೆಲೆ ಒಂದೇ. ರಾತ್ರಿ ಪಾಳಿಯಲ್ಲಿ ಇಂಥದ್ದನ್ನು ಎದುರಿಸಿದ ಎಂಜಿನಿಯರುಗಳು ತಮ್ಮ ಕ್ವೆರಿಯನ್ನೋ ತಮ್ಮ ಇಂಡೆಕ್ಸನ್ನೋ ಬೈದುಕೊಂಡು ಗಂಟೆಗಟ್ಟಲೆ ಹುಡುಕುವುದನ್ನು ಕಂಡಿದ್ದೇನೆ. ಅವರು ನೋಡಬೇಕಾಗಿದ್ದ ಜಾಗ ಕ್ವೆರಿಯ ಹೊರಗಿತ್ತು.

ಇನ್ನೊಂದು ಮಹಡಿ ಮೇಲಕ್ಕೆ ಹೋಗೋಣ. ದೊಡ್ಡ ದತ್ತಾಂಶ ಬಹಳಷ್ಟು ಇವತ್ತು ಡಿಸ್ಕನ್ನೂ ಬಿಟ್ಟು ಆಬ್ಜೆಕ್ಟ್ ಸ್ಟೋರೇಜಿಗೆ ಹೋಗಿದೆ. 2006ರಲ್ಲಿ ಬಂದ ಅಮೆಜಾನ್ ಎಸ್3 ಅದರ ಪ್ರಸಿದ್ಧ ಉದಾಹರಣೆ. ಅಲ್ಲಿ ಒಂದೊಂದು ಬೇಡಿಕೆಗೂ ಮೊದಲ ಬೈಟ್ ಬರಲು ಹತ್ತಾರು ಮಿಲಿಸೆಕೆಂಡಿನಿಂದ ನೂರು ಇನ್ನೂರರವರೆಗೆ ಹಿಡಿಯುತ್ತದೆ, ಒಂದೊಂದು ಬೇಡಿಕೆಗೂ ದುಡ್ಡಿದೆ. ಸಂತೆಗೆ ಹೋಗಿಬರುವ ಬಸ್ ಚಾರ್ಜಿನ ಹಾಗೆ: ಒಂದು ನಿಂಬೆಹಣ್ಣು ತಂದರೂ ಅಷ್ಟೇ, ಕೈಚೀಲ ತುಂಬ ತರಕಾರಿ ತಂದರೂ ಅಷ್ಟೇ. ಅಮೆರಿಕದ ವರ್ಜೀನಿಯಾ ಕೇಂದ್ರದ ಪ್ರಕಟಿತ ದರದಲ್ಲಿ ಸಾವಿರ ಓದಿನ ಬೇಡಿಕೆಗೆ 0.0004 ಡಾಲರ್. ನಮ್ಮ 8 ಗಿಗಾಬೈಟನ್ನು 8 ಮೆಗಾಬೈಟಿನ ತುಂಡುಗಳಾಗಿ ಪೂರ್ತಿ ತರಲು ಸಾವಿರ ಬೇಡಿಕೆ ಸಾಕು. 10 ಗಿಗಾಬಿಟ್ ನೆಟ್‌ವರ್ಕ್ ಪೂರ್ತಿ ಕೈಗೆ ಸಿಕ್ಕರೆ ಏಳು ಸೆಕೆಂಡಿನೊಳಗೆ ಬಂದುಬಿಡುತ್ತದೆ. ಅದೇ 6.6 ಲಕ್ಷ ಪುಟಗಳನ್ನು ಒಂದೊಂದಾಗಿ ಕೇಳಿದರೆ 26 ಸೆಂಟ್, ಅಂದರೆ ಬೇಡಿಕೆಯ ಖರ್ಚು 660 ಪಟ್ಟು. ಒಂದು ಫೋಲ್ಡರಿನ ಮೇಲೆ ಸೆಕೆಂಡಿಗೆ 5,500 ಓದು ಎಂಬ ಮಿತಿ ಹಾಕಿ ನೋಡಿದರೆ ಎರಡು ನಿಮಿಷ. ಇಲ್ಲಿ ಹಾರಿ ಓದುವುದಕ್ಕೂ ಸಾಲಾಗಿ ಓದುವುದಕ್ಕೂ ಇರುವ ಅಂತರವನ್ನು 4 ಎಂದರೂ ತಪ್ಪು, 40 ಎಂದರೂ ತಪ್ಪು.

ಹಾಗಾಗಿಯೇ ಅಲ್ಲಿ ಯಾರೂ ಪುಟ ಪುಟವಾಗಿ ಕೇಳುವುದಿಲ್ಲ. ಇಂಡೆಕ್ಸಿನ ಕೆಲಸವನ್ನು ಬೇರೊಂದು ಉಪಾಯ ಮಾಡುತ್ತದೆ. ದತ್ತಾಂಶವನ್ನು ದೊಡ್ಡ ತುಂಡುಗಳಾಗಿ ಬರೆದು, ಒಂದೊಂದು ತುಂಡಿನಲ್ಲೂ ಪ್ರತಿ ಕಾಲಮ್ಮಿನ ಕನಿಷ್ಠ ಮೌಲ್ಯ ಇಷ್ಟು, ಗರಿಷ್ಠ ಮೌಲ್ಯ ಇಷ್ಟು ಎಂದು ಗುರುತು ಹಾಕಿಡುತ್ತಾರೆ. ಕ್ವೆರಿ ಬಂದಾಗ ಈ ಗುರುತುಗಳನ್ನು ನೋಡಿ, ಬೇಡದ ತುಂಡುಗಳನ್ನು ಮುಟ್ಟದೆ ಬಿಡುತ್ತಾರೆ. ಸ್ನೋಫ್ಲೇಕ್ ಎಂಬ ಕ್ಲೌಡ್ ಡೇಟಾಬೇಸಿನಲ್ಲಿ ಒಂದು ತುಂಡು, ಕುಗ್ಗಿಸುವ ಮೊದಲಿನ ಲೆಕ್ಕದಲ್ಲಿ, 50ರಿಂದ 500 ಮೆಗಾಬೈಟ್. ಪಾರ್ಕೆ ಎಂಬ ಮಾದರಿಯ ಕಡತಗಳಲ್ಲಿ ಈ ಗುರುತು ಕಡತದ ಬುಡದಲ್ಲಿರುತ್ತದೆ. ಹತ್ತು ಸಾವಿರ ಕಡತಗಳಿದ್ದರೆ ಬುಡ ಓದುವುದಕ್ಕೇ ಹತ್ತು ಸಾವಿರ ಬೇಡಿಕೆ ಬೇಕು. ಆದ್ದರಿಂದ ಐಸ್‌ಬರ್ಗ್‌ನಂಥ ವ್ಯವಸ್ಥೆಗಳು ಗುರುತುಗಳನ್ನು ಬೇರೆ ಪಟ್ಟಿಯಲ್ಲಿ ಒಟ್ಟು ಮಾಡಿ ಇಟ್ಟುಕೊಳ್ಳುತ್ತವೆ.

ನನ್ನ ವಾದದ ನಡುಗಂಬ ಇಲ್ಲಿದೆ. ನಮ್ಮ ವಿದ್ಯುತ್ ಬಿಲ್ಲುಗಳನ್ನು ಉಪವಿಭಾಗದ ಅನುಕ್ರಮದಲ್ಲಿ ಬರೆದಿಟ್ಟಿದ್ದರೆ ನೂರರಲ್ಲಿ ಒಂದೋ ಎರಡೋ ತುಂಡು ಓದಿದರೆ ಕೆಲಸ ಮುಗಿಯಿತು. ಬಿಲ್ಲು ಬಂದ ದಿನದ ಅನುಕ್ರಮದಲ್ಲಿ ಬರೆದಿಟ್ಟಿದ್ದರೆ ಪ್ರತಿ ತುಂಡಿನಲ್ಲೂ ಎಲ್ಲ ಉಪವಿಭಾಗಗಳು ಬೆರೆತಿರುತ್ತವೆ. ಒಂದು ತುಂಡನ್ನೂ ಬಿಡುವಂತಿಲ್ಲ, ನೂರಕ್ಕೆ ನೂರು ಓದಬೇಕು. ಬೇಕಾದ ಸಾಲು ಎರಡೂ ಕಡೆ ಅದೇ 10 ಲಕ್ಷ. ಸಾಲುಗಳ ಅಂದಾಜು ಒಂದಿಷ್ಟೂ ತಪ್ಪದೆ ಇದ್ದಾಗಲೂ ಖರ್ಚು ನೂರು ಪಟ್ಟು ಹೆಚ್ಚುಕಡಿಮೆ ಆಗಬಹುದು. ಸಾಲುಗಳ ಎಣಿಕೆ ಸರಿಯಾದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬ ಭರವಸೆ ಕ್ಲೌಡಿನಲ್ಲಿ ಉಳಿಯುವುದಿಲ್ಲ. ಪೋಸ್ಟ್‌ಗ್ರೆಸ್ ಈ ವಿಷಯವನ್ನು ಪೂರ್ತಿ ಮರೆತಿಲ್ಲ: ಕಾಲಮ್ಮಿನ ಅನುಕ್ರಮಕ್ಕೂ ಡಿಸ್ಕಿನಲ್ಲಿರುವ ಅನುಕ್ರಮಕ್ಕೂ ಎಷ್ಟು ಹೊಂದಾಣಿಕೆ ಇದೆ ಎಂಬ ಒಂದು ಅಂಕವನ್ನು ಅದು ಇಟ್ಟುಕೊಳ್ಳುತ್ತದೆ. ಆದರೆ ಇಡೀ ಟೇಬಲ್ಲಿಗೆ ಒಂದೇ ಅಂಕ. ಹೋದ ವರ್ಷದ ತುಂಡುಗಳು ಒಪ್ಪವಾಗಿದ್ದು ಈ ತಿಂಗಳವು ಕಲಸಿಹೋಗಿದ್ದರೆ ಆ ಅಂಕ ಎರಡರ ಬಗ್ಗೆಯೂ ಸರಿಯಾದ ಸುದ್ದಿ ಕೊಡುವುದಿಲ್ಲ.

ಇನ್ನು ಎರಡನೇ ನಂಬಿಕೆ, ನೂರಕ್ಕೆ 90 ಮೆಮೊರಿಯಲ್ಲಿ ಇರುತ್ತದೆ ಎಂಬುದು. ಒಂದು ಸರ್ವರ್ ತಿಂಗಳಾನುಗಟ್ಟಲೆ ಕೆಡದೆ ಓಡುತ್ತಿದ್ದ ಕಾಲದಲ್ಲಿ ಅದಕ್ಕೆ ಆಧಾರವಿತ್ತು. ಕ್ಲೌಡಿನಲ್ಲಿ ಲೆಕ್ಕ ಮಾಡುವ ಯಂತ್ರ ಬೇರೆ, ದತ್ತಾಂಶ ಇರುವ ಜಾಗ ಬೇರೆ. ಲೆಕ್ಕದ ಯಂತ್ರಗಳನ್ನು ಬೇಕಾದಾಗ ಎಬ್ಬಿಸುತ್ತಾರೆ, ಬೇಡವಾದಾಗ ಮಲಗಿಸುತ್ತಾರೆ, ದುಡ್ಡು ಉಳಿಯುವುದೇ ಅದರಿಂದ. ಮಲಗಿಸಿದಾಗ ಅವುಗಳೊಳಗೆ ಜಮೆಯಾಗಿದ್ದ ಓದಿದ ಪುಟಗಳ ಸಂಗ್ರಹ, ಅಂದರೆ ಕ್ಯಾಶ್, ಹೋಗುತ್ತದೆ. ಸೋಮವಾರ ಬೆಳಗಿನ ಮೊದಲ ಕ್ವೆರಿಗೂ ಹತ್ತನೇ ಕ್ವೆರಿಗೂ ಖರ್ಚು ಬೇರೆ ಬೇರೆ.

ಹಾಗಿದ್ದರೆ ಕ್ಯಾಶಿನಲ್ಲಿ ಈಗ ಏನಿದೆ ಎಂದು ಪ್ಲ್ಯಾನರಿಗೆ ಹೇಳಿಬಿಟ್ಟರಾಯಿತಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಪ್ರತಿ ಟೇಬಲ್ಲಿನ, ಪ್ರತಿ ಇಂಡೆಕ್ಸಿನ ಎಷ್ಟು ಪಾಲು ಹತ್ತಿರದಲ್ಲಿದೆ, ಎಷ್ಟು ಪಾಲು ದೂರದಲ್ಲಿದೆ ಎಂದು ಎಣಿಸಿಕೊಂಡು, ಎರಡಕ್ಕೂ ಬೇರೆ ದರ ಹಾಕಿ ಕೂಡಿಸುವುದು ಕಷ್ಟದ ಕೆಲಸವಲ್ಲ, ಮಾಡಲೇಬೇಕಾದ ಕೆಲಸ ಕೂಡ. ಆದರೆ ಅದರಲ್ಲೊಂದು ಸುಳಿ ಇದೆ. ಇಂಡೆಕ್ಸ್ ಸದ್ಯ ದೂರದಲ್ಲಿದೆ, ಇಡೀ ಟೇಬಲ್ ಹತ್ತಿರದಲ್ಲಿದೆ ಎಂದುಕೊಳ್ಳಿ. ಪ್ಲ್ಯಾನರ್ ಹತ್ತಿರವಿರುವುದನ್ನೇ ಆರಿಸುತ್ತದೆ. ಆರಿಸಿದ್ದರಿಂದ ಅದೇ ಕ್ಯಾಶಿನಲ್ಲಿ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಒಂದೇ ಒಂದು ಸಲ ಇಂಡೆಕ್ಸನ್ನು ಹತ್ತಿರ ತಂದಿದ್ದರೆ ಮುಂದಿನ ಸಾವಿರ ಕ್ವೆರಿಗಳು ಹಗುರವಾಗುತ್ತಿದ್ದವು. ಆದರೆ ಯಾವ ಕ್ವೆರಿಯೂ ತಾನು ನಷ್ಟ ಮಾಡಿಕೊಂಡು ಮುಂದಿನವರಿಗೆ ದಾರಿ ಮಾಡಿಕೊಡುವುದಿಲ್ಲ. ಈ ಕ್ಷಣದ ಖರ್ಚನ್ನು ನಿಖರವಾಗಿ ಅಳೆದಷ್ಟೂ ವ್ಯವಸ್ಥೆ ಕೆಟ್ಟ ನೆಲೆಯಲ್ಲೇ ಕಟ್ಟುಬೀಳುವ ಸಾಧ್ಯತೆ ಇದೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಪ್ಲ್ಯಾನರಿಗೆ ಈ ಕ್ಷಣದ ಕ್ಯಾಶಿನ ಚಿತ್ರವೊಂದನ್ನೇ ಕೊಟ್ಟರೆ ಸಾಲದು, ಒಂದಷ್ಟು ಅವಧಿಯ ಸರಾಸರಿ ಬೇಕು, ಆಗಾಗ ಎರಡನೇ ದಾರಿಯನ್ನು ಉದ್ದೇಶಪೂರ್ವಕವಾಗಿ ನಡೆದು ನೋಡುವ ಸ್ವಾತಂತ್ರ್ಯವೂ ಅದಕ್ಕಿರಬೇಕು.

ದುಡ್ಡಿನ ಮಾತಿಗೆ ಬರುತ್ತೇನೆ. ಓದಿನ ಬೆಲೆಯನ್ನು ಡಾಲರಿನಲ್ಲಿ ಲೆಕ್ಕ ಹಾಕಿದ ಹಿರಿಯರಲ್ಲಿ ಪ್ರಮುಖರು ಜಿಮ್ ಗ್ರೇ. 1987ರಲ್ಲಿ ಅವರೂ ಫ್ರ್ಯಾಂಕೊ ಪುಟ್ಜೋಲು ಅವರೂ ಪ್ರಕಟಿಸಿದ ಐದು ನಿಮಿಷದ ನಿಯಮ ಹೀಗಿದೆ. ಸೆಕೆಂಡಿಗೊಂದು ಡಿಸ್ಕ್ ಓದನ್ನು ಒದಗಿಸಲು ಯಂತ್ರೋಪಕರಣದ ಖರ್ಚು ಆಗ ಸುಮಾರು 2,000 ಡಾಲರ್. ಒಂದು ಕಿಲೋಬೈಟ್ ಮೆಮೊರಿಗೆ 5 ಡಾಲರ್. ಭಾಗಿಸಿದರೆ 400. ಅಂದರೆ 400 ಸೆಕೆಂಡಿಗೊಮ್ಮೆಯಾದರೂ ಬೇಕಾಗುವ ಕಿಲೋಬೈಟನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವುದು ಲಾಭ. ಸರಳವಾಗಿರಲೆಂದು ಅವರು ಐದು ನಿಮಿಷ ಎಂದರು. ಗ್ರೇ ಅವರ ಲೆಕ್ಕ ಯಂತ್ರ ಕೊಳ್ಳುವ ದಿನಕ್ಕೆ ಬೇಕಾಗಿತ್ತು. ಯಂತ್ರ ಕೊಂಡ ಮೇಲೆ ಕ್ವೆರಿ ಓಡಿಸಲು ಹೊಸದಾಗಿ ದುಡ್ಡು ಬೇಕಿರಲಿಲ್ಲ. ಪ್ಲ್ಯಾನರ್ ಸಮಯದ ಬಗ್ಗೆಯಷ್ಟೇ ಯೋಚಿಸಿದರೆ ಸಾಕಿತ್ತು. ಕ್ಲೌಡಿನಲ್ಲಿ ಯಂತ್ರ ಕೊಳ್ಳುವ ದಿನವೆಂಬುದೇ ಇಲ್ಲ. ಗ್ರೇ ಮಾಡಿದ ಲೆಕ್ಕ ಪ್ರತಿ ಕ್ವೆರಿಯ ಬಾಗಿಲಲ್ಲೂ ನಿಂತಿರುತ್ತದೆ.

ಗೂಗಲ್‌ನ ಬಿಗ್‌ಕ್ವೆರಿಯಲ್ಲಿ ಓದಿದಷ್ಟಕ್ಕೆ ದುಡ್ಡು ಎಂಬ ಪದ್ಧತಿಯೊಂದಿದೆ; ಅಮೆರಿಕದ ದರದಲ್ಲಿ ಒಂದು ಟೆಬಿಬೈಟಿಗೆ 6.25 ಡಾಲರ್. ಅಲ್ಲಿ ಹತ್ತೇ ಸಾಲು ತೋರಿಸು ಎಂದು ಮಿತಿ ಹಾಕಿದರೂ, ಕ್ಲಸ್ಟರ್ ಮಾಡದ ಟೇಬಲ್ಲಿನಲ್ಲಿ, ನೀವು ಹೆಸರಿಸಿದ ಕಾಲಮ್ಮುಗಳನ್ನು ಪೂರ್ತಿ ಓದಿದ ಬಿಲ್ಲೇ ಬರುತ್ತದೆ. ಇದು ಗೊತ್ತಿಲ್ಲದ ಹೊಸಬರಿಗೆ ದೊಡ್ಡ ಬಿಲ್ಲು ಬಂದಿರುವುದುಂಟು. ಆದರೆ ಆ ವ್ಯವಸ್ಥೆಯಲ್ಲಿ ನನಗೆ ಬಹಳ ಹಿಡಿಸಿದ ಗುಣವೂ ಇದೆ. ಕ್ವೆರಿಯನ್ನು ಓಡಿಸದೆ, ಇದು ಎಷ್ಟು ಬೈಟ್ ಓದುತ್ತದೆ ಎಂದು ಮೊದಲೇ ಕೇಳಬಹುದು. ಇದಕ್ಕಿಂತ ಹೆಚ್ಚು ಓದುವುದಾದರೆ ಓಡಿಸಲೇ ಬೇಡ ಎಂದು ಮಿತಿ ಕಟ್ಟಬಹುದು. ದಶಕಗಳ ಕಾಲ ಪ್ಲ್ಯಾನರಿನ ಹೊಟ್ಟೆಯೊಳಗೆ ಅಡಗಿದ್ದ ಅಂದಾಜು ಕೊನೆಗೂ ದುಡ್ಡು ಕೊಡುವವರ ಕಣ್ಣೆದುರು ಬಂತು. ಸಾರ್ವಜನಿಕ ಹಣದಿಂದ ಕ್ಲೌಡ್ ಕೊಳ್ಳುವ ವಿಶ್ವವಿದ್ಯಾಲಯಗಳು, ಇಲಾಖೆಗಳು, ಆಸ್ಪತ್ರೆಗಳು ತಮ್ಮ ಟೆಂಡರಿನಲ್ಲಿ ಇದನ್ನು ಷರತ್ತಾಗಿ ಹಾಕಬೇಕು ಎಂದು ಈ ವೇದಿಕೆಯಿಂದ ಗಟ್ಟಿಯಾಗಿ ಕೇಳುತ್ತೇನೆ: ಓಡುವ ಮೊದಲು ಅಂದಾಜು ತೋರಿಸಬೇಕು, ಓಡಿದ ಮೇಲೆ ನಿಜವಾದ ಖರ್ಚನ್ನು ಪಕ್ಕದಲ್ಲೇ ತೋರಿಸಬೇಕು, ಎರಡರ ನಡುವಿನ ಅಂತರವನ್ನು ದಾಖಲೆಯಲ್ಲಿ ಉಳಿಸಬೇಕು.

ಅಂದಾಜು ತಪ್ಪುತ್ತದೆ. ತಪ್ಪಿದಾಗ ಎಷ್ಟರಮಟ್ಟಿಗೆ ಕೈಸುಡಬಹುದು ಎಂಬುದಕ್ಕೊಂದು ಎಲ್ಲೆ ಹಾಕಲು ಸಾಧ್ಯವೇ? ಈ ಪ್ರಶ್ನೆಗೆ ಸಿಕ್ಕಿರುವ ಬಹಳ ಸುಂದರವಾದ ಉತ್ತರವೊಂದು ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಯಂತ್ ಹರಿತ್ಸ ಅವರ ಡೇಟಾಬೇಸ್ ಪ್ರಯೋಗಾಲಯ ಮೊದಲು ಪಿಕಾಸೊ ಎಂಬ ಉಪಕರಣವನ್ನು ಮಾಡಿತು. ಷರತ್ತುಗಳ ಬಿಗಿಯನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಹೋದರೆ ಪ್ಲ್ಯಾನರ್ ಎಲ್ಲೆಲ್ಲಿ ಯಾವ ಯೋಜನೆ ಆರಿಸುತ್ತದೆ ಎಂಬುದನ್ನು ಅದು ಬಣ್ಣದ ನಕ್ಷೆಯಾಗಿ ಬರೆದು ತೋರಿಸಿತು. ವಾಣಿಜ್ಯ ಡೇಟಾಬೇಸುಗಳ ನಕ್ಷೆಗಳು ಘನಾಕೃತಿ ಕಲಾವಿದರ ಚಿತ್ರಗಳಂತೆ ಚೂರುಚೂರಾಗಿ ಬಂದವು, ಹೆಸರು ಬಂದದ್ದು ಅದರಿಂದ. 2014ರಲ್ಲಿ ಅನ್ಶುಮಾನ್ ದತ್ ಮತ್ತು ಹರಿತ್ಸ ಪ್ಲ್ಯಾನ್ ಬೊಕೆ ಎಂಬ ವಿಧಾನವನ್ನು ಪ್ರಕಟಿಸಿದರು. ಸಾಲುಗಳ ಅಂದಾಜನ್ನು ನೆಚ್ಚಿಕೊಳ್ಳುವುದನ್ನೇ ಅದು ಬಿಡುತ್ತದೆ. ಆಯ್ದ ಕೆಲವು ಯೋಜನೆಗಳನ್ನು ಇಟ್ಟುಕೊಂಡು, ಮೊದಲನೆಯದನ್ನು 1ರ ಬಜೆಟ್ಟಿನಲ್ಲಿ ಓಡಿಸು. ಅಷ್ಟರಲ್ಲಿ ಮುಗಿಯದಿದ್ದರೆ ನಿಲ್ಲಿಸಿ, ಮುಂದಿನದನ್ನು 2ರಲ್ಲಿ, ಆಮೇಲೆ 4ರಲ್ಲಿ, 8ರಲ್ಲಿ. ಸರಿಯಾದ ಯೋಜನೆಗೆ ನಿಜವಾಗಿ ಬೇಕಾಗಿದ್ದದ್ದು 8ಕ್ಕಿಂತ ಒಂದಿಷ್ಟು ಹೆಚ್ಚು ಎಂದುಕೊಳ್ಳಿ. ನಾವು ಸುರಿದದ್ದು 1, 2, 4, 8, 16 ಕೂಡಿ 31. ಅದು 8ರ ನಾಲ್ಕು ಪಟ್ಟಿಗಿಂತ ಕಡಿಮೆ. ಗೊತ್ತಿಲ್ಲದ ಅಂಶ ಒಂದೇ ಆಗಿದ್ದರೆ, ಎಂಥ ದುರದೃಷ್ಟದಲ್ಲೂ ಖರ್ಚು ನಾಲ್ಕು ಪಟ್ಟನ್ನು ಮೀರುವುದಿಲ್ಲ ಎಂಬ ಖಾತರಿ ಸಿಗುತ್ತದೆ. ಗೊತ್ತಿಲ್ಲದ ಅಂಶಗಳು ಹೆಚ್ಚಾದಂತೆ ಖಾತರಿ ಸಡಿಲವಾಗುತ್ತದೆ, ನಿಜ. ಆದರೂ ಸಾವಿರ ಪಟ್ಟು ತಪ್ಪಬಹುದಾದ ಅಂದಾಜಿನ ಎದುರು ಇದು ದೊಡ್ಡ ಅಭಯ.

ಆದರೆ ಇಲ್ಲೂ ದರಪಟ್ಟಿ ಬೇಕು. ಬಜೆಟ್ ಹಾಕುವುದು ಅದೇ ದರಗಳಿಂದ. ದರಪಟ್ಟಿ ಸುಮಾರಾಗಿ ಸರಿಯಿದೆ, ತಪ್ಪಿರುವುದು ಸಾಲುಗಳ ಎಣಿಕೆ ಎಂಬ ನೆಲೆಯ ಮೇಲೆ ಈ ಖಾತರಿ ನಿಂತಿದೆ. ಜಮೆ ಮುಗಿದ ಡಿಸ್ಕಿನ ಮೇಲೆ, ಕ್ಯಾಶ್ ಕಳೆದುಕೊಂಡ ಯಂತ್ರದ ಮೇಲೆ, ಆ ನೆಲೆಯೇ ಅಲುಗುತ್ತದೆ. ಜೊತೆಗೆ, ಅರ್ಧಕ್ಕೆ ನಿಲ್ಲಿಸಿದ ಕೆಲಸ ಸ್ವಂತ ಯಂತ್ರದಲ್ಲಿ ಸಮಯವನ್ನಷ್ಟೇ ನುಂಗುತ್ತಿತ್ತು. ಕ್ಲೌಡಿನಲ್ಲಿ ಅದಕ್ಕೂ ಬಿಲ್ಲು ಬರುತ್ತದೆ. ಬಜೆಟ್ಟನ್ನು ಸೆಕೆಂಡಿನಲ್ಲಿ ಹಾಕಬೇಕೋ ರೂಪಾಯಿಯಲ್ಲೋ, ಎರಡೂ ಬೇಕೆಂದರೆ ನಾಲ್ಕು ಪಟ್ಟಿನ ಖಾತರಿ ಏನಾಗುತ್ತದೆ? ನಮ್ಮ ಊರಿನಲ್ಲೇ ಹುಟ್ಟಿದ ಈ ವಿಚಾರವನ್ನು ಕ್ಲೌಡಿನ ಲೆಕ್ಕಕ್ಕೆ ಒಗ್ಗಿಸುವ ಕೆಲಸವನ್ನು ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಗೆತ್ತಿಕೊಂಡರೆ ನನಗೆ ಬಹಳ ಸಂತೋಷ.

ಅಷ್ಟು ದೊಡ್ಡದಕ್ಕೆ ಮೊದಲು ಮಾಡಬಹುದಾದ ಚಿಕ್ಕ ಕೆಲಸವೊಂದಿದೆ. ನಿಮ್ಮ ಕೈಯಲ್ಲಿರುವ ಕ್ಲೌಡ್ ಡಿಸ್ಕಿನ ಕರಾರನ್ನು ತೆಗೆದು, ಸೆಕೆಂಡಿಗೆ ಎಷ್ಟು ಓದು, ಎಷ್ಟು ಮೆಗಾಬೈಟ್ ಎಂದು ನೋಡಿ, ನಾನು ಮಾಡಿದ ಭಾಗಾಕಾರವನ್ನು ನೀವೂ ಮಾಡಿ. ಆಮೇಲೆ ಪೋಸ್ಟ್‌ಗ್ರೆಸ್‌ನಲ್ಲಿ ಓದಿನ ಸಮಯ ದಾಖಲಿಸುವ ಸೆಟ್ಟಿಂಗನ್ನು ಆನ್ ಮಾಡಿ, ಎಕ್ಸ್‌ಪ್ಲೇನ್ ಅನಲೈಜ್ ಬಫರ್ಸ್ ಓಡಿಸಿ, ಪುಟಕ್ಕೆ ನಿಜವಾಗಿ ಎಷ್ಟು ಮೈಕ್ರೋಸೆಕೆಂಡ್ ಹಿಡಿಯಿತು ಎಂದು ಬರೆದುಕೊಳ್ಳಿ. ಯಂತ್ರ ಈಗಷ್ಟೇ ಎದ್ದಾಗ ಒಮ್ಮೆ, ಚೆನ್ನಾಗಿ ಓಡಿದ ಮೇಲೆ ಒಮ್ಮೆ. ಬೇರೆ ಬೇರೆ ಡಿಸ್ಕಿನ ಮೇಲಿರುವ ಟೇಬಲ್‌ಸ್ಪೇಸ್‌ಗಳಿಗೆ ಬೇರೆ ಬೇರೆ ದರ ಹಾಕುವ ಅವಕಾಶವನ್ನು ಪೋಸ್ಟ್‌ಗ್ರೆಸ್ ಎಂದೋ ಕೊಟ್ಟಿದೆ. ಅದನ್ನು ಬಳಸುವವರು ವಿರಳ. ಹಾರಿ ಓದುವುದಕ್ಕೂ ಸಾಲಾಗಿ ಓದುವುದಕ್ಕೂ ನಡುವೆ ನೀವು ಅಳೆದ ಅನುಪಾತ 4 ಇರಲಿ, 1.1 ಇರಲಿ, 5 ಇರಲಿ, ಅಳೆದ ದಿನಾಂಕದ ಜೊತೆ ಅದನ್ನೇ ಅಲ್ಲಿ ಬರೆಯಿರಿ. ಡಿಸ್ಕಿನ ಕರಾರು ಬದಲಾದ ದಿನ ಮತ್ತೆ ಅಳೆಯಿರಿ.